ಖಾಲಿ ಎಂದು ಬರೆದ ಮನೆ

ಹನ್ನೊಂದು ವರ್ಷ ಕಾಯಿಸಿ ಕಾಯಿಸಿ ವಸತಿ ಮಂಡಳಿಯವರು ಕೊನೆಗೂ ನನಗೆ ಒಂದು ಕೋಣೆಯ ಬಾಡಿಗೆ ಮನೆ ಮಂಜೂರು ಮಾಡಿದರು. ಏಕವ್ಯಕ್ತಿ ವರ್ಗ, ಎಂಟನೇ ಮಹಡಿ. ಎರಡನೆಯವರು ವಾಸವಿರುವುದು ಕಂಡರೆ ಮಂಜೂರಾತಿ ರದ್ದು ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಒಬ್ಬಳೇ ಇರುವವಳಿಗೂ ಒಂದು ಬೆದರಿಕೆ ಇರಲಿ ಅಂತ.

ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟುಗಳಿಗೆ ಪಾಲಿಶ್ ಹಾಕುವವಳು. ಊರಿಗೆಲ್ಲ ಹಲ್ಲು ಹೊಂದಿಸಿಕೊಟ್ಟು, ನಾನು ಮಾತ್ರ ಅಣ್ಣನ ಮನೆಯಲ್ಲಿ ಹಲ್ಲು ಕಚ್ಚಿಕೊಂಡು ಇದ್ದೆ. ಟಿವಿ ಆರಿದ ಮೇಲೆ ನಡುಮನೆಯಲ್ಲಿ ಹಾಸಿಗೆ ಹಾಸಬೇಕು, ಅತ್ತಿಗೆ ಏಳುವ ಮುಂಚೆ ಸುತ್ತಿಡಬೇಕು. ನಲವತ್ತಾರು ವರ್ಷದ ಹೆಂಗಸು ಕಾಲು ಚಾಚುವುದಕ್ಕೆ ಧಾರಾವಾಹಿಯ ಅಪ್ಪಣೆ ಕಾಯಬೇಕು! ಅವರೇನೂ ಕೆಟ್ಟವರಲ್ಲ. "ನಿನಗೇನಮ್ಮ, ಒಂಟಿ ಜೀವ" ಎನ್ನುತ್ತಾರೆ, ಅಷ್ಟೆ. ಒಂಟಿ ಜೀವಕ್ಕೆ ಬೆನ್ನುಮೂಳೆ ಇರುವುದಿಲ್ಲವೇನೋ.

ಬೀಗದಕೈ ಸಿಕ್ಕ ಮರುದಿನವೇ ರಜೆ ಹಾಕಿ, ಎರಡು ಚೀಲ ಹಿಡಿದು ಹೊರಟೆ. ಲಿಫ್ಟು ಕೆಟ್ಟಿತ್ತು. ಎಂಟು ಮಹಡಿ ಏದುಸಿರು ಬಿಡುತ್ತ ಹತ್ತಿ, ಬೀಗಕ್ಕೆ ಕೀ ತೂರಿಸುವಷ್ಟರಲ್ಲಿ ಬಾಗಿಲು ಒಳಗಿನಿಂದಲೇ ತೆರೆಯಿತು. ಎಪ್ಪತ್ತರ ಹತ್ತಿರದ ಹೆಂಗಸು. ಕೊರಳಲ್ಲಿ ಅಳತೆಯ ಟೇಪು. ಹಿಂದೆ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲೆಯ ಯೂನಿಫಾರ್ಮು.

"ಯಾರು ಬೇಕಿತ್ತು?"

"ಯಾರೂ ಬೇಡ. ಇದು ನನ್ನ ಮನೆ."

"ನಂದೂ ಇದೇ ಕಣಮ್ಮ, ಆರು ವರ್ಷದಿಂದ."

ಆಕೆಯ ಕೆಳಗಿನ ಹಲ್ಲಿನ ಸೆಟ್ಟು ಸಡಿಲವಾಗಿತ್ತು, ಮಾತಿಗೊಮ್ಮೆ ಟಕ್ಕೆನ್ನುತ್ತಿತ್ತು. ಯಾವನೋ ಅಳತೆ ಸರಿಯಾಗಿ ತೆಗೆದಿರಲಿಲ್ಲ. ಇಬ್ಬರೂ ನಮ್ಮ ನಮ್ಮ ಕಾಗದ ತಂದು ಯಂತ್ರದ ಮೇಲೆ ಪಕ್ಕಪಕ್ಕದಲ್ಲಿ ಹರಡಿದೆವು. ಅದೇ ಮನೆ ನಂಬರು, ಅದೇ ಮೊಹರು. ಟೈಲರಮ್ಮ ನೆನಪು ಮಾಡಿಕೊಂಡು ಹೇಳಿದರು.

"ಎರಡು ತಿಂಗಳ ಹಿಂದೆ ಸಮೀಕ್ಷೆಯವನು ಬಂದಿದ್ದ. 'ಮನೇಲಿ ಯಾರಿದ್ದಾರೆ?' ಅಂದ. 'ಯಾರೂ ಇಲ್ಲಪ್ಪ' ಅಂದೆ. ಬರ್ಕೊಂಡು ಹೋದ."

ನಾವೆಲ್ಲ ಹೇಳುವುದು ಹಾಗೆಯೇ. ಗಂಡಸರಿಲ್ಲ, ಮಕ್ಕಳಿಲ್ಲ ಎಂದರೆ ಮನೆಯಲ್ಲಿ ಯಾರೂ ಇಲ್ಲ. ಬಾಗಿಲಲ್ಲಿ ನಿಂತು ಮಾತಾಡುವವಳನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಆಕೆಗೇ ಇಲ್ಲದ ಮೇಲೆ ಅವನಿಗೆಲ್ಲಿಂದ ಬರಬೇಕು? ಆ ಪುಣ್ಯಾತ್ಮ ಕಣ್ಣೆದುರಿಗೆ ನಿಂತ ಜೀವವನ್ನು ನೋಡುತ್ತಲೇ 'ಖಾಲಿ' ಎಂದು ಗೀಚಿಕೊಂಡು ಹೋಗಿದ್ದ. ಆಕೆಗೆ ಒಂದು ನೋಟೀಸು ಕೂಡ ಬಂದಿರಲಿಲ್ಲ. ಖಾಲಿ ಮನೆಗೆ ಯಾರು ನೋಟೀಸು ಕಳಿಸುತ್ತಾರೆ?

ಚೀಲಗಳ ಸಮೇತ ಇಬ್ಬರೂ ಮಂಡಳಿಯ ಕಚೇರಿಗೆ ಹೋದೆವು. ಗುಮಾಸ್ತನಿಗೆ ಆಶ್ಚರ್ಯವೇ ಆಗಲಿಲ್ಲ.

"ನೀವು ಅಲ್ಲೇ ವಾಸ ಇದ್ದೀರಿ ಅಂತ ಜೊತೆಗಿರೋ ಸದಸ್ಯರು ಯಾರಾದ್ರೂ ಬರೆದುಕೊಡಬೇಕು" ಎಂದು ಟೈಲರಮ್ಮನಿಗೆ ಹೇಳಿದ.

"ಜೊತೆಗೆ ಯಾರಿದ್ದಾರೆ ಸಾರ್, ನಾನೊಬ್ಬಳೇ."

"ಅದೇ ತೊಂದರೆ ಆಗಿರೋದು."

ನನಗೆ ಮೈಯೆಲ್ಲ ಉರಿದುಹೋಯಿತು. "ಜೊತೆಗೆ ಇನ್ನೊಬ್ರಿದ್ರೆ ಮನೆ ಕಿತ್ಕೋತೀರಿ. ಇಲ್ದಿದ್ರೂ ಕಿತ್ಕೋತೀರಿ. ಏನ್ರೀ ನಿಮ್ಮ ನ್ಯಾಯ?"

ಅವನು ಬೇಸರಪಡಲಿಲ್ಲ. ಟೈಲರಮ್ಮನನ್ನು ಹೊರಗೆ ಕೂರಲು ಹೇಳಿ, ದನಿ ತಗ್ಗಿಸಿ, ನನ್ನ ಮುಂದೆ ಎರಡು ಕಾಗದ ಇಟ್ಟ.

"ನೀವು ಹೋದಾಗ ಮನೆ ಖಾಲಿ ಇತ್ತು ಅಂತ ಇದಕ್ಕೆ ಸಹಿ ಹಾಕಿ. ಇವತ್ತೇ ನಿಮ್ಮದು. ಇಲ್ಲಾಂದ್ರೆ ಇದಕ್ಕೆ ಹಾಕಿ, ಮನೆ ಬೇಡ ಅಂತ. ಆಮೇಲೆ ಸರದಿ ಮೊದಲಿಂದ."

"ಅವರ ಗತಿ?"

"ಅದು ಬೇರೆ ಟೇಬಲ್ಲು."

ಸುಳ್ಳು ಯಾಕೆ ಹೇಳಲಿ, ಪೆನ್ನು ಹಿಡಿದ ಕೈ ಹೋದದ್ದು ಮೊದಲನೆಯ ಕಾಗದಕ್ಕೇ. ಹನ್ನೊಂದು ವರ್ಷ! ಆ ಕೋಣೆಯ ಕಿಟಕಿ ಕಣ್ಣಿಗೆ ಬಂತು. ಭಾನುವಾರ ಎಂಟು ಗಂಟೆಯವರೆಗೆ ಮಲಗುವ ನಾನು ಕಣ್ಣಿಗೆ ಬಂದೆ. ಇಷ್ಟು ವಯಸ್ಸಾಗಿಯೂ ಬಾಯಿಗೆ ಬಂದದ್ದು ಹೇಳಿ ಮನೆ ಕಳೆದುಕೊಂಡ ಮುದುಕಿಯ ಮೇಲೆ ಕೆಟ್ಟ ಸಿಟ್ಟು ಬಂತು.

"ಹಾಕಿ, ಹಾಕಿ" ಎಂದ ಗುಮಾಸ್ತ. "ಅಲ್ಲಿ ಯಾರಿದ್ರು ಅಂತ ಯಾರು ನೋಡಿದ್ದಾರೆ?"

"ನಾನು ನೋಡಿದ್ದೀನಲ್ರೀ!"

ಇಡೀ ಕಚೇರಿ ತಿರುಗಿ ನೋಡಿತು. ಇವತ್ತು ಸಹಿ ಹಾಕಿದರೆ ನಾಳೆ ಅದೇ ಬಾಗಿಲಲ್ಲಿ ನಾನು ನಿಂತಿರುತ್ತೇನೆ, ಇನ್ನೊಬ್ಬಳ ಕೈಗೆ ಇವನು ಇದೇ ಪೆನ್ನು ಕೊಟ್ಟಿರುತ್ತಾನೆ. ಮೊದಲನೆಯ ಕಾಗದವನ್ನು ಮಗುಚಿ ಹಿಂಬದಿಯಲ್ಲಿ ಬರೆದೆ: ಮನೆ ಖಾಲಿ ಇರಲಿಲ್ಲ. ಹೊರಗೆ ಕೂತಿರುವ ಇವರೇ ಬಾಗಿಲು ತೆರೆದರು. ನನಗೂ ಮನೆ ಬೇಕು. ಕೊನೆಯ ಸಾಲಿನ ಅಡಿಗೆ ಎರಡು ಗೆರೆ ಎಳೆದೆ.

ಅವನು ಓದಿ, ಕೊನೆಯ ಸಾಲನ್ನಷ್ಟೇ ಹೊಡೆದುಹಾಕಿದ. "ಅದಕ್ಕೆ ಕಾಲಂ ಇಲ್ಲ. ಬೇಡ ಅಂದ ಹಾಗೇ ಲೆಕ್ಕ." ಉಳಿದದ್ದಕ್ಕೆ ಟೈಲರಮ್ಮನ ವಾಸಕ್ಕೆ ಸಾಕ್ಷಿ ಅಂತ ಮೊಹರು ಒತ್ತಿ, ನನ್ನ ಬೀಗದಕೈ ಇಸಿದುಕೊಂಡ. ನನ್ನ ಹೊಸ ಸರದಿ ನಾಲ್ಕು ಸಾವಿರದ ಮುನ್ನೂರ ಎರಡು.

ಹೊರಗೆ ಟೈಲರಮ್ಮ ನನ್ನ ಕೈ ಹಿಡಿದುಕೊಂಡರು. "ದೇವರು ಬಂದ ಹಾಗೆ ಬಂದೆ ಕಣಮ್ಮ."

"ದೇವರೂ ಇಲ್ಲ ದಿಂಡರೂ ಇಲ್ಲ! ಇನ್ನೊಂದ್ಸಲ ಯಾವನಾದ್ರೂ ಬಂದು ಕೇಳಿದ್ರೆ 'ನಾನಿದ್ದೀನಿ, ಕಣ್ಣು ಕಾಣಲ್ವಾ' ಅನ್ನಿ!" ಎಂದು ಕಿರುಚಿದೆ. ಆಕೆ ಹೆದರಿ ಕೈಬಿಟ್ಟರು. ಮತ್ತೆ ಹತ್ತಿರ ಬಂದು ಮೆಲ್ಲಗೆ, "ನನ್ ಜೊತೆನೇ ಬಂದು ಇರಮ್ಮ" ಎಂದರು.

"ಇಬ್ಬರಾದ್ರೆ ಇಬ್ಬರೂ ಬೀದಿಗೆ" ಎಂದೆ. ನನ್ನ ದನಿ ಇನ್ನೂ ಇಳಿದಿರಲಿಲ್ಲ.

ಬಸ್ ನಿಲ್ದಾಣದಿಂದ ಅಣ್ಣನಿಗೆ ಫೋನು ಮಾಡಿದೆ. "ಮನೆ ಸಿಗಲಿಲ್ಲ. ವಾಪಸ್ ಬರ್ತಿದ್ದೀನಿ."

ಅವನು ಗಂಟಲು ಸರಿಮಾಡಿಕೊಂಡ. "ಅಲ್ವೇ... ನೀನು ಹೋದೆ ಅಂತ ನಿಮ್ಮತ್ತಿಗೆ ಮಧ್ಯಾಹ್ನ ನೀನು ಮಲಗೋ ಜಾಗಕ್ಕೆ ಸೋಫಾ ತರಿಸಿದ್ಲು. ಎಲ್ಲಿ ಮಲಗ್ತೀಯ?"

"ಸೋಫಾ ಮೇಲೆ" ಎಂದೆ. "ಪ್ಲಾಸ್ಟಿಕ್ ಕವರು ಬಿಚ್ಚಿಟ್ಟಿರು."