ಮೂರು ಗಂಟಿನ ಕುರ್ಚಿ

ನಾನು ಒಂದು ಕುರ್ಚಿ. ಹಾಗೆಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಗುವುದು ಬೇಡ. ನನಗಾಗಿ ಯಾರೂ ಪಕ್ಷ ಬಿಟ್ಟಿಲ್ಲ, ಯಾರೂ ರೆಸಾರ್ಟಿಗೆ ಓಡಿಲ್ಲ. ನನ್ನ ಎತ್ತರ ಒಂದು ಮೊಳಕ್ಕಿಂತ ತುಸು ಹೆಚ್ಚು. ಬೆನ್ನಿಗೆ ಗೋಡೆಯ ಮೂಲೆಯಂತೆ ಕೂಡಿಸಿದ ಎರಡು ಹಲಗೆ, ಮುಂದೆ ಊಟಕ್ಕೊಂದು ಹಲಗೆ, ಕೂತ ಮಗು ಜಾರದಂತೆ ನಡುವೆ ಒಂದು ಗೂಟ. ತಾವಾಗಿ ಕೂರಲಾಗದ ಮಕ್ಕಳನ್ನು ಕೂರಿಸುವುದು ನನ್ನ ಕೆಲಸ.

ಹಿಂದಿನ ಜನ್ಮದಲ್ಲಿ ನಾನು ಕೈಮಗ್ಗ. ಬಾಗಲಕೋಟೆ ಕಡೆಯ ನೇಕಾರರ ಊರೊಂದರಲ್ಲಿ, ಸಾವಕ್ಕನ ಮನೆಯಲ್ಲಿ ಎಪ್ಪತ್ತು ವರ್ಷ ಖಣ ನೇಯ್ದೆ. ಮಗ್ಗದ ಮುಂದೆ ಕೂತವರು ಸುಮ್ಮನೆ ನೇಯುವುದಿಲ್ಲ. ಓಣಿಯ ಸುದ್ದಿಯನ್ನೆಲ್ಲ ನೇಯುತ್ತಾರೆ. ಕೇಳಿ ಕೇಳಿ ಯಾರ ದನಿಯನ್ನಾದರೂ ಥೇಟ್ ಹಾಗೆಯೇ ನಕಲು ಮಾಡುವ ಚಟ ನನಗೆ ಅಂಟಿತು. ಆದರೆ ಇವತ್ತು ನಗಿಸುವುದಕ್ಕೆ ಬಾಯಿ ತೆರೆದಿಲ್ಲ. ನನಗೆ ಸಿಟ್ಟು ಬಂದಿದೆ.

ಸಾವಕ್ಕನ ಮಗಳು ಬನಶಂಕರಿ. ಮನೆಯವರಿಗೆ ಬನೂ. ಮೂರು ವರ್ಷ ತುಂಬಿದರೂ ಅವಳ ಕುತ್ತಿಗೆ ನಿಂತಿರಲಿಲ್ಲ. ತೊಡೆಯ ಮೇಲೆ ಮಲಗಿಸಿಯೇ ಉಣಿಸುತ್ತಿದ್ದರು. ಗಂಜಿ ದಾರಿ ತಪ್ಪಿ ಎದೆಗೆ ಇಳಿಯುತ್ತಿತ್ತು. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಯಿತು. ಮೂರನೆಯ ಸಲ ಆದರೆ ಕೂಸು ಉಳಿಯುವುದು ಕಷ್ಟ, ಕೂರಿಸಿಯೇ ಉಣಿಸಿ ಎಂದರು ಆಸ್ಪತ್ರೆಯ ಡಾಕ್ಟರು. ಎಲ್ಲಿ ಕೂರಿಸುವುದು, ಹೇಗೆ ಕೂರಿಸುವುದು ಎಂದು ಮಾತ್ರ ಹೇಳಲಿಲ್ಲ.

ಹೇಳಿದವಳು ಮಹಾನಂದಾ. ಇಂಥ ಮಕ್ಕಳ ಮನೆಮನೆಗೆ ಹೋಗಿ ತಾಯಂದಿರಿಗೆ ಊಟ, ವ್ಯಾಯಾಮ, ಆಟ ಕಲಿಸಲು ಒಂದು ಸಂಸ್ಥೆ ಅವಳನ್ನು ನೇಮಿಸಿತ್ತು. ಮೊದಲ ದಿನವೇ ಅವಳು ಅಳತೆಗೆಂದು ಮಗ್ಗದ ಹಾಸಿನ ಒಂದೆಳೆ ನೂಲು ಕೇಳಿದಳು. ಬನೂವಿನ ಸೊಂಟದ ಅಗಲಕ್ಕೆ ಒಂದು ಗಂಟು, ತೊಡೆಯ ಉದ್ದಕ್ಕೆ ಒಂದು ಗಂಟು, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಒಂದು ಗಂಟು. ಬಡಿಗೇರ ಮೌನೇಶ ಆ ನೂಲನ್ನು ನೋಡಿದ, ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ನನ್ನನ್ನು ನೋಡಿದ. ಹೆಸರಿಗೆ ತಕ್ಕ ಮನುಷ್ಯ. ಮಾತಾಡಲಿಲ್ಲ, ಗರಗಸ ತೆಗೆದ. ಮೂರು ಗಂಟು ಹಾಕಿದ ಮೇಲೆ ಬಿಡುವ ಮಾತೆಲ್ಲಿ? ನಾನು ಬನೂವಿನವನಾದೆ.

ನನ್ನಲ್ಲಿ ಕೂತ ಮೊದಲ ದಿನ ಅವಳ ತಲೆ ಎಡಕ್ಕೆ ವಾಲಿತು. ಮಹಾನಂದಾ ಹಳೆಯ ಕೌದಿಯನ್ನು ಸುತ್ತಿ ಒತ್ತುಕೊಟ್ಟಳು. ಗದ್ದಕ್ಕೆ ಬೆರಳು ಆನಿಸಿ ಚಮಚ ಹಿಡಿಯುವುದನ್ನು ಸಾವಕ್ಕನಿಗೆ ತೋರಿಸುತ್ತ ಒಂದು ಗಂಟೆ ಕೂತಳು. ಆರನೆಯ ದಿನ ಬನೂ ಕೆಮ್ಮದೆ ಉಂಡಳು. ಎಂಟನೆಯ ದಿನ ತಲೆಯೆತ್ತಿ, ಹಲಗೆಯ ಮೇಲಿದ್ದ, ನೂಲು ಸುತ್ತಿದ ಕಂಡಿಕೆಯನ್ನು ಕೈಯಿಂದ ತಳ್ಳಿ ಕೆಡವಿದಳು. ಅದು ಉರುಳಿದ್ದಕ್ಕೆ ನಕ್ಕಳು. ಬಾಗಿ ನನ್ನ ಹಲಗೆಯ ಅಂಚನ್ನು ಕಚ್ಚಿ ಮತ್ತೆ ನಕ್ಕಳು. ನಾಲ್ಕು ಹಲ್ಲಿನ ಗುರುತು. ನನ್ನ ಮೈಮೇಲೆ ಅದಕ್ಕಿಂತ ಚೆಂದದ ಖಣದ ಚಿತ್ತಾರ ಎಂದೂ ಬಿದ್ದಿರಲಿಲ್ಲ.

ಆ ನಗುವಿನ ಫೋಟೋವನ್ನು ಮಹಾನಂದಾ ಖುಷಿಯಿಂದ ಆಫೀಸಿಗೆ ಕಳಿಸಿದಳು. ಅದೇ ತಪ್ಪಾಯಿತು.

ಅದಾದ ಮೂರನೆಯ ದಿನಕ್ಕೆ ಸಂಸ್ಥೆಯ ಸಂಯೋಜಕರು ಬಂದರು. ಇಗೋ ಅವರ ದನಿ, ಮೂಗಿನಿಂದ ಹೊರಟು ಬಾಯಿಗೆ ಬರುವಷ್ಟರಲ್ಲಿ ಭಾಷಣವಾಗುವ ದನಿ: "ಬದಲಾವಣೆ ಕಾಣಬೇಕ್ರೀ ಮೇಡಂ. ಒಂದು ಮಗು, ಒಂದು ಕುರ್ಚಿ, ಒಂದು ನಗು." ಮಕ್ಕಳು ಹದಿನಾಲ್ಕು, ಕುರ್ಚಿ ಒಂದೇ ಎಂದಳು ಮಹಾನಂದಾ. ಹಾಗಾದರೆ ಕುರ್ಚಿಯೂ ಮನೆ ಭೇಟಿಗೆ ಹೋಗಲಿ ಎಂದರು ಅವರು. ಮರ ಸಾವಕ್ಕನದು, ಆದರೆ ಮೌನೇಶನ ಕೂಲಿ ಸಂಸ್ಥೆಯದಾದ್ದರಿಂದ ಕುರ್ಚಿಯೂ ಸಂಸ್ಥೆಯದಂತೆ. ಮಗು ಸಲಕರಣೆ ಬಳಸುವ ಫೋಟೋ ಮೊಬೈಲಿನಲ್ಲಿ ಏರಿಸದಿದ್ದರೆ ಹೋದ ಭೇಟಿ ಲೆಕ್ಕಕ್ಕಿಲ್ಲ.

ಅಂದಿನಿಂದ ನನ್ನ ತಿರುಗಾಟ. ಸ್ಕೂಟಿಯ ಹಿಂದೆ ಹಗ್ಗದಿಂದ ಕಟ್ಟಿಸಿಕೊಂಡು ಮನೆಯಿಂದ ಮನೆಗೆ. ನಿಂಗರಾಜ ದಪ್ಪನೆಯ ಹುಡುಗ; ನನ್ನೊಳಗೆ ಒತ್ತಿ ಕೂರಿಸಿದರೆ ತೊಡೆ ಕೆಂಪಾಗಿ ಚೀರಿದ. ಇನ್ನೊಂದು ಮನೆಯ ಒಂದು ವರ್ಷದ ಕೂಸು ನನ್ನೊಳಗೆ ಕಳೆದೇಹೋಯಿತು. ನಾಲ್ಕೂ ಕಡೆ ದಿಂಬು ತುರುಕಿದರು. ಕೂಸು ನಗಲಿಲ್ಲ ಎಂದು ಅಜ್ಜಿ ಮರೆಯಲ್ಲಿ ನಿಂತು ಕಾಗೆಯಂತೆ ಕೂಗಿದಳು. ನಕ್ಕಿತು. ಕ್ಲಿಕ್. ಎತ್ತು. ಮುಂದಿನ ಮನೆ. ಒಂದು ಗಂಟೆಯ ಭೇಟಿ ಒಂಬತ್ತು ನಿಮಿಷಕ್ಕೆ ಇಳಿಯಿತು. ನಮ್ಮ ಕೂಸಿಗೂ ಕುರ್ಚಿ ಬಂತು ಎಂದು ಹಿಗ್ಗಿದ ತಾಯಂದಿರು, ನನ್ನನ್ನು ಮತ್ತೆ ಹಗ್ಗದಲ್ಲಿ ಬಿಗಿಯುವಾಗ ಬಾಗಿಲಲ್ಲೇ ನಿಲ್ಲುತ್ತಿದ್ದರು. ಆ ಮುಖಗಳನ್ನು ಯಾರೂ ಫೋಟೋ ತೆಗೆಯಲಿಲ್ಲ.

ನನಗೆ ಮಹಾನಂದಾಳ ಮೇಲೂ ಸಿಟ್ಟಿತ್ತು. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಿಗಿದಳು.

ಎರಡು ತಿಂಗಳ ಮೇಲೆ ಸಾವಕ್ಕನ ಮನೆಯ ಸರದಿ ಮತ್ತೆ ಬಂತು. ಬನೂ ಚಾಪೆಯ ಮೇಲಿದ್ದಳು. ಕುತ್ತಿಗೆ ಮೊದಲಿನ ಹಾಗೆ ಜೋಲುತ್ತಿತ್ತು. ಎದೆಯಲ್ಲಿ ಗೊರಗೊರ ಸದ್ದು. ಯಾರ ದನಿಯನ್ನಾದರೂ ನಕಲು ಮಾಡುವ ನಾನು ಆ ಸದ್ದನ್ನು ಮಾಡಲಾರೆ. ಸಾವಕ್ಕ ಮಗಳನ್ನು ತಂದು ಕೂರಿಸಿದಳು. ಫೋಟೋ ಆಯಿತು.

"ಎತ್ತಬೇ ಇನ್ನ, ಹೊತ್ತಾಕ್ಕತಿ," ಎಂದಳು ಮಹಾನಂದಾ.

ಸಾವಕ್ಕ ಎತ್ತಲಿಲ್ಲ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ಆ ನೂಲನ್ನು ತಂದು ನನ್ನ ಮೈಗೆ ಹಿಡಿದಳು. ಒಂದೊಂದು ಗಂಟನ್ನೂ ಒಂದೊಂದು ಹಲಗೆಗೆ ಸರಿಯಾಗಿ ಕೂಡಿಸಿ ತೋರಿಸಿದಳು.

"ಈ ಗಂಟು ಹಾಕಿದಾಕಿ ನೀನ ಅಲ್ಲೇನಬೇ ಅಕ್ಕಾ? ಯಾರ ಸೊಂಟದ್ದಿದು, ಹೇಳು. ಹೇಳಿ ಒಯ್ಯಿ."

ಮಹಾನಂದಾ ಮೊಬೈಲನ್ನು ಚೀಲಕ್ಕೆ ಹಾಕಿದಳು. ಕೈ ತೊಳೆದು ಬಂದು ಗಂಜಿಯ ಬಟ್ಟಲು ತಗೊಂಡಳು. ಗದ್ದಕ್ಕೆ ಬೆರಳು ಆನಿಸಿ ಒಂದೊಂದೇ ಚಮಚ ಕೊಡುತ್ತ ಬಟ್ಟಲು ಖಾಲಿಯಾಗುವವರೆಗೂ ಕೂತಳು. ಆಮೇಲೆ ಸಾವಕ್ಕನನ್ನು ಕೇಳಿದಳು: "ಹಿತ್ತಲದಾಗ ಮುರಕ ಮಗ್ಗದ ಕಟಗಿ ಅದಾವಿಲ್ಲ?"

ಇಬ್ಬರೂ ಸೇರಿ ನನ್ನ ಊಟದ ಹಲಗೆ ಬಿಚ್ಚಿದರು. ನನ್ನನ್ನು ಮುರುಕು ಕಟ್ಟಿಗೆಯ ರಾಶಿಯಲ್ಲಿ ತಲೆಕೆಳಗಾಗಿ ಕೆಡವಿ, ಮೇಲೆರಡು ತುಂಡು ಎಳೆದು ಫೋಟೋ ತೆಗೆದರು. 'ಕುರ್ಚಿ ಮುರಿದಿದೆ. ದುರಸ್ತಿ ಆಗದು' ಎಂದು ಬರೆದು ಆಫೀಸಿಗೆ ಕಳಿಸಿದರು. ನನ್ನ ಬಾಳಿನ ಅತ್ಯುತ್ತಮ ನಕಲು ಅದು: ಹೆಣ. ಉಸಿರು ಬಿಗಿಹಿಡಿದು ಬಿದ್ದಿದ್ದೆ. ಸಂಯೋಜಕರು ಒಂದು ಕೈಮುಗಿಯುವ ಚಿತ್ರ ಕಳಿಸಿದರಂತೆ.

ಹೀಗೆ ಕಾಗದದಲ್ಲಿ ಸತ್ತು ಮನೆಯಲ್ಲಿ ಬದುಕಿದೆ. ಬನೂವಿಗೆ ಮೂರನೆಯ ನ್ಯುಮೋನಿಯಾ ಬರಲಿಲ್ಲ. ಈಗ ಅವಳಿಗೆ ಆರು ವರ್ಷ. ಸೊಂಟ ನನ್ನಲ್ಲಿ ಹಿಡಿಸುವುದಿಲ್ಲ. ಮೌನೇಶ ಅವಳ ಹೊಸ ಅಳತೆಯ ನೂಲು ಒಯ್ದಿದ್ದಾನೆ. ನಾನು ಅಟ್ಟಕ್ಕೆ ಹೋಗಬೇಕಾದ ವಯಸ್ಸು. ಆದರೆ ಮಹಾನಂದಾ ಈಗ ಹೋದ ಮನೆಯಲ್ಲೆಲ್ಲ ನೂಲಿಗೆ ಗಂಟು ಹಾಕಿಕೊಂಡು ಬರುತ್ತಾಳೆ, ನನ್ನ ಮೈಗೆ ಹಿಡಿದು ನೋಡುತ್ತಾಳೆ. ಕಳೆದ ವಾರ ಕುಂಬಾರ ಓಣಿಯ ಒಂದು ಮಗುವಿನ ಮೂರೂ ಗಂಟು ಕೂಡಿದವು. ನಾಳೆ ಹೋಗುತ್ತೇನೆ. ಹಗ್ಗದಲ್ಲಿ ಅಲ್ಲ, ಸಾವಕ್ಕನ ಕಂಕುಳಲ್ಲಿ. ವಾಪಸು ಕರೆತರುವ ಮಾತಿಲ್ಲ.

ಸಿಟ್ಟು ಮಾತ್ರ ಇಳಿದಿಲ್ಲ. ಆ ಆಫೀಸಿನ ಗೋಡೆಯ ಮೇಲೆ ಇವತ್ತಿಗೂ ಹದಿನಾಲ್ಕು ಫೋಟೋಗಳಿವೆಯಂತೆ. ಹದಿನಾಲ್ಕು ನಗು, ಹದಿನಾಲ್ಕು ಕುರ್ಚಿ ಎಂದು ಬಂದವರಿಗೆ ತೋರಿಸುತ್ತಾರಂತೆ. ಹದಿನಾಲ್ಕರಲ್ಲೂ ಊಟದ ಹಲಗೆಯ ಅದೇ ಅಂಚಿನಲ್ಲಿ ಅದೇ ನಾಲ್ಕು ಹಲ್ಲಿನ ಗುರುತಿದೆ. ಈವರೆಗೆ ಒಬ್ಬರೂ ಹತ್ತಿರ ಹೋಗಿ ನೋಡಿಲ್ಲ.

ಇನ್ನು ನನ್ನನ್ನು ಒಯ್ಯಲು ಯಾರಾದರೂ ಹಗ್ಗ ತಂದರೆ, ಮೊದಲೇ ಹೇಳಿರುತ್ತೇನೆ: ಬನೂವಿನಿಂದ ನಾನು ಕಚ್ಚುವುದನ್ನೂ ಕಲಿತಿದ್ದೇನೆ.