ಅಧಿಕ ಮಾಸದ ಪಾಳಿ

ನಮ್ಮ ವಾಡೆಯ ಬಾಗಿಲಲ್ಲಿ ಆನೆ ಹಾಯುತ್ತಿತ್ತಂತೆ. ಮಂಠಾಳದಾಚೆಯ ನಮ್ಮೂರಲ್ಲಿ ಈಗಲೂ ಹಾಗೇ ಹೇಳುತ್ತಾರೆ. ನಾನು ಹುಟ್ಟುವಷ್ಟರಲ್ಲಿ ಆ ಬಾಗಿಲಿಗೆ ಒಂದೇ ಕದ ಉಳಿದಿತ್ತು, ಮಾಳಿಗೆಯ ಮಣ್ಣು ಉಣ್ಣುವ ತಾಟಿಗೆ ಉದುರುತ್ತಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುವ ಮಂದಿ ನಮ್ಮವರು. ನನ್ನ ಹೆಸರು ಧನಶ್ರೀ, ನಗಬೇಡಿ.

ಅವ್ವ ಸತ್ತ ವರ್ಷವೇ ಅಪ್ಪ ಹುಮನಾಬಾದಿನಲ್ಲಿ ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದ. ವಾಡೆಗೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದ ಅಪ್ಪನ ತಮ್ಮಂದಿರು, ಮೂವರು ಕಾಕಾಗಳು, ನನ್ನನ್ನೂ ಹಂಚಿಕೊಂಡರು. ಚೈತ್ರ ದೊಡ್ಡವರ ಒಲೆ, ವೈಶಾಖ ನಡುವಿನವರದು, ಜ್ಯೇಷ್ಠ ಸಣ್ಣವರದು, ಆಷಾಢಕ್ಕೆ ಮತ್ತೆ ದೊಡ್ಡವರದು. ಪ್ರತಿ ಅಮಾವಾಸ್ಯೆಗೆ ನನ್ನ ತಾಟು ಒಲೆ ಬದಲಿಸುತ್ತಿತ್ತು.

ನನಗೆ ಎಂಟಾದಾಗ ಅಧಿಕ ಆಷಾಢ ಬಂತು. ಜ್ಯೇಷ್ಠ ಮುಗಿಯಿತೆಂದು ಸಣ್ಣ ಕಾಕಾನ ಹೆಂಡತಿ, ಸಣ್ಣ ಕಾಕು, ತಾಟು ಕೈಗಿಟ್ಟಳು. ನಾನು ದೊಡ್ಡ ಕಾಕು ಉಮಾದೇವಿಯ ಹೊಸ್ತಿಲಿಗೆ ಹೋದೆ.

"ನಮ್ಮ ಪಾಳಿ ನಿಜ ಆಷಾಢ. ಇದು ಅಧಿಕ ಮಾಸ, ನಮಗ ಬರಂಗಿಲ್ಲ" ಎಂದಳು.

ನಡುವಿನವರು, "ನಮ್ಮದು ವೈಶಾಖದಾಗೇ ಮುಗದದ" ಎಂದರು.

ಅಧಿಕ ಮಾಸದಲ್ಲಿ ನಮ್ಮ ಕಡೆ ಮಗಳು-ಅಳಿಯನನ್ನು ಕರೆದು ಹೂರಣ ತುಂಬಿದ ಧೋಂಡೆ ಉಣ್ಣಿಸುತ್ತಾರೆ. ಮೂರೂ ಮನೆಯಿಂದ ಬೆಲ್ಲ ಕುದಿಯುವ ವಾಸನೆ. ಅಳಿಯಂದಿರ ಕಣ್ಣಿಗೆ ಬೀಳಬಾರದೆಂದು ನನ್ನನ್ನು ಹಿತ್ತಲಿಗೆ ಅಟ್ಟಿದರು. ಊಟ ಕೊಡಲು ಮರೆತರು, ಅಟ್ಟಲು ಮಾತ್ರ ಮರೆಯಲಿಲ್ಲ.

ಹಿತ್ತಲಿನಾಚೆ ಮೀರಾಬಾಯಿಯ ಮನೆ. ಕೂಲಿಗೆ ಹೋಗುವವಳು, ಒಬ್ಬಳೇ ಇದ್ದಳು, ಗೋಡೆಯ ಮೇಲೆ ಬುದ್ಧನ ಪಟ. ಅವಳ ಅತ್ತೆಯ ಕಾಲಕ್ಕೆ ಅವರ ನೆರಳೂ ವಾಡೆಗೆ ಆಗುತ್ತಿರಲಿಲ್ಲ. ನಾನು ಹೋಗಿ ಹಸಿವೆ ಎಂದೆ. ಅವಳು ಗಾಬರಿಯಾಗಿ ಜೋಳದ ಹಿಟ್ಟು, ತೊಗರಿಬೇಳೆ ತಂದು ನನ್ನ ತಾಟಿಗೆ ಸುರಿದಳು. ತಮ್ಮ ಕೈಯಡಿಗೆ ಉಣ್ಣದ ದೊಡ್ಡಮನೆಯವರಿಗೆ ಹೀಗೆ ಬೇಯಿಸದ್ದನ್ನು ಕೊಡುವುದು ರೂಢಿ, ಶಿಧಾ ಅನ್ನುತ್ತಾರೆ.

"ನೀವು ನಮ್ಮ ಮನ್ಯಾಗ ಉಣ್ಣಂಗಿಲ್ರಿ, ಸಣ್ಣಬಾಯಿ. ಮನಿಗಿ ಒಯ್ದು ಮಾಡಿಸ್ಕೊಳ್ರಿ."

ಯಾವ ಒಲೆಗೆ ಒಯ್ಯಲಿ? ಅವಳ ಕಟ್ಟೆಯ ಮೇಲೇ ಕೂತು ಹಸಿ ಹಿಟ್ಟು ಮುಕ್ಕಿದೆ. ಗಂಟಲಿಗೆ ಹಿಡಿದು ಕೆಮ್ಮು ಬಂತು. ಮೀರಾಬಾಯಿ ತಲೆಯ ಮೇಲೆ ಕೈಹೊತ್ತು ನೋಡಿದಳು, ಆಮೇಲೆ ನನ್ನ ರಟ್ಟೆ ಹಿಡಿದು ಒಳಗೆ ಒಯ್ದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಉಣ್ಣು ನನ್ನವ್ವ" ಎಂದು ಬೆನ್ನು ಸವರಿದಳು. ದಿನಾ ಹೋದೆ. ಇನ್ನು ನಾನು ಇವಳವಳೇ ಎಂದುಕೊಂಡೆ.

ಹಳ್ಳಿಯಲ್ಲಿ ಗುಟ್ಟು ಎಷ್ಟು ದಿನ? ಪಾಲಾದ ಮೇಲೆ ಮೊದಲ ಸಲ ಮೂರೂ ಮನೆಯವರು ಅಂಗಳದಲ್ಲಿ ಸೇರಿ ಮೀರಾಬಾಯಿಯನ್ನು ಕರೆಸಿದರು. ನನಗೆ ಒಳಗೊಳಗೇ ಖುಷಿ. ಅವಳು ಹೌದೆಂದರೆ ಸಾಕು, ಇವರು ನನ್ನನ್ನು ಒಳಗೆ ಸೇರಿಸುವುದಿಲ್ಲ, ಅವಳ ಜೊತೆಗೇ ಕಳಿಸಿಬಿಡುತ್ತಾರೆ.

"ಖರೇ ಹೇಳು, ಹುಡುಗಿ ನಿನ್ನ ಮನ್ಯಾಗ ಉಂಡಾಳೇನು?" ದೊಡ್ಡ ಕಾಕಾ ಗೋವರ್ಧನ ಕೇಳಿದ.

ಮೀರಾಬಾಯಿ ನನ್ನತ್ತ ನೋಡಿದಳು. ನನ್ನನ್ನು ಬೀದಿಗೆ ಹಾಕುತ್ತಾರೆಂದು ಹೆದರಿದ್ದಳು, ಪಾಪ.

"ಇಲ್ರಿ ಸಾಹೇಬ್ರ. ಶಿಧಾ ಕೊಟ್ಟೀನಿ, ಅಷ್ಟ. ನಮ್ಮ ಒಲಿ ಮ್ಯಾಲಿಂದು ಏನೂ ಮುಟ್ಟಿಲ್ರಿ."

"ಸುಳ್ಳ! ದಿನಾ ಉಂಡೀನಿ. ಆಕಿ ಕೈಲೇ ಉಂಡೀನಿ!" ನಾನು ಕಿರುಚಿದೆ.

ಯಾರೂ ನನ್ನತ್ತ ತಿರುಗಲಿಲ್ಲ. ನನ್ನ ಮಾತು ನಂಬಿದರೆ ಮನೆತನ ಕೆಡುತ್ತದೆ. ತಲೆತಲಾಂತರ ಮೀರಾಬಾಯಿಯ ಮಂದಿಯ ಮಾತಿಗೆ ಕಿವಿಗೊಡದ ಮನೆ ಅಂದು ಅವಳ ಮಾತೇ ಖರೆ ಎಂದಿತು.

"ಕೂಸು ಸುಳ್ಳು ಹೇಳಾಕತ್ತದ. ನೀ ಹೋಗು" ಎಂದಳು ಉಮಾದೇವಿ.

ಓಡಿಹೋಗಿ ಮೀರಾಬಾಯಿಯ ಸೆರಗು ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಒಳಗ ಹೋಗ್ರಿ, ಸಣ್ಣಬಾಯಿ" ಎಂದಳು, ತಿರುಗಿ ನೋಡದೆ ನಡೆದಳು.

ಅಧಿಕ ಮಾಸ ಮುಗಿಯಲು ಇನ್ನೂ ಒಂದು ವಾರವಿತ್ತು. ಮೂರೂ ಮನೆಯವರು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು.