ಹೊಲಿಗೆ ತಪ್ಪಿದ ಪುಸ್ತಕ

ಪೇಟೆಯವರು ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿದ್ದುದೂ ಸೂಜಿ, ಬಾಯಲ್ಲಿದ್ದುದೂ ಅದೇ. ಅಪ್ಪನ ಬೈಂಡಿಂಗ್ ಅಂಗಡಿಯ ಕಿಟಕಿ ಪಕ್ಕ, ಹೊಲಿಗೆಯ ಚೌಕಟ್ಟಿನ ಮುಂದೆ ಇಪ್ಪತ್ತೆರಡು ವರ್ಷ ಕೂತವಳು. ಅಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ಇಸ್ಲಾಮಿನ ಧರ್ಮಶಾಸ್ತ್ರದ ಪುಸ್ತಕಗಳು. ಹೊಲಿಯುತ್ತ ಹೊಲಿಯುತ್ತ ಎಲ್ಲವನ್ನೂ ಓದಿ ಮುಗಿಸಿದ್ದಳು. ಅಣ್ಣ ರಟ್ಟು ಅಂಟಿಸುತ್ತಿದ್ದ, ಗಿರಾಕಿಗಳ ಜೊತೆ ಹರಟುತ್ತಿದ್ದ. ಓದುವ ಉಸಾಬರಿಗೆ ಹೋದವನಲ್ಲ.

ಅಮ್ಮ ಮೊದಲೇ ಹೋಗಿದ್ದಳು. ಅಪ್ಪನೂ ತೀರಿಕೊಂಡು ಎರಡು ತಿಂಗಳಾಗುವಷ್ಟರಲ್ಲಿ ಅಣ್ಣ ಒಂದು ಕಾಗದ ಬರೆಸಿ ತಂದ. ಅಂಗಡಿಯಲ್ಲಿ ತನಗೆ ಪಾಲು ಬೇಡವೆಂದು ಅವಳು ಸಹಿ ಹಾಕಬೇಕಿತ್ತು. ಹಾಕಿದರೆ ಆ ಕಿಟಕಿ, ಆ ಚೌಕಟ್ಟು ಎಲ್ಲ ಅವನದು. ಕೂರಬೇಕೆಂದರೆ ಅವನ ಮರ್ಜಿ ಕಾಯಬೇಕು. ಅವಳು ಕಾಗದವನ್ನು ಮಡಚಿ ಅಂಟಿನ ಡಬ್ಬಿಯ ಕೆಳಗಿಟ್ಟಳು. ನಾಲ್ಕನೇ ದಿನ ಅಣ್ಣ ಅದನ್ನು ಎತ್ತಿಕೊಂಡು, ಅವಳನ್ನೂ ಕರೆದುಕೊಂಡು ಖಾಜಿಯವರ ಹತ್ತಿರ ಹೋದ.

ಖಾಜಿ ಸಾಹೇಬರು ಮೆತ್ತಗಿನ ಮನುಷ್ಯ. ಯಾರ ಮನಸ್ಸೂ ನೋಯದಂತೆ ತೀರ್ಪು ಕೊಡಬೇಕೆಂಬುದು ಅವರ ಆಸೆ. ಹಾಗಾಗಿ ಅವರ ಮುಂದೆ ಯಾವಾಗಲೂ ನೋಯುತ್ತಿದ್ದವರು ಬಾಯಿಲ್ಲದವರು.

"ಸಾಹೇಬ್ರೇ, ತಂಗಿ ಅಣ್ಣನ ಹತ್ರ ಪಾಲು ಕೇಳೋ ಪದ್ಧತಿ ನಮ್ಮಲ್ಲಿ ಎಲ್ಲಾದ್ರೂ ಇದ್ಯಾ?" ಎಂದ ಅಣ್ಣ. ಕಂಕುಳಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟ. "ನನ್ನ ಮಾತು ಬಿಡಿ, ಇದನ್ನೇ ನೋಡಿ. ಶರೀಯತ್ತಿನ ಮೂಲಗಳ ಪುಸ್ತಕ. ನಾನೇ ಹೊಲಿದದ್ದು. ಮೊದಲನೇ ಅಧ್ಯಾಯನೇ ಪದ್ಧತಿ!"

ಖಾಜಿಯವರು ಪುಟ ತೆರೆದರು. ಹುಬ್ಬು ಮೇಲೇರಿತು, ಮತ್ತೆ ಇಳಿಯಿತು. ಅವರು ತಿಳಿಯದವರೇನಲ್ಲ. ಆದರೂ ಸುಮ್ಮನೆ ಪುಸ್ತಕ ಮುಚ್ಚಿದರು.

"ನೋಡಮ್ಮ, ನಿನಗೆ ಪಾಲಿದೆ ಅನ್ನೋದು ಬೇರೆ ಮಾತು. ಬಿಟ್ಟುಕೊಟ್ರೆ ಅಣ್ಣನ ಮನೆ ಬಾಗಿಲು ಯಾವಾಗ್ಲೂ ತೆರೆದಿರುತ್ತೆ. ಸಹಿ ಹಾಕಿಬಿಡು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಅಣ್ಣನ ಮೇಲಲ್ಲ, ಅವನು ಮೊದಲಿಂದಲೂ ಹಾಗೇ. ಗೊತ್ತಿದ್ದೂ ಪುಸ್ತಕ ಮುಚ್ಚಿದ ಆ ಕೈಯ ಮೇಲೆ.

"ಬೇರೆ ಮಾತಲ್ಲ ಸಾಹೇಬ್ರೇ, ಇರೋದೇ ಆ ಮಾತು." ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. "ಅಣ್ಣಾ, ಇದನ್ನ ಯಾವಾಗ ಹೊಲಿದೆ?"

"ಅಪ್ಪ ಹಾಸಿಗೆ ಹಿಡಿದಿದ್ದಾಗ. ನೀನು ಮನೇಲಿ ಅವರ ಪಕ್ಕ ಇದ್ದೆಯಲ್ಲ."

"ಅದಕ್ಕೇ ಹೀಗಾಗಿದೆ."

ಇಂಥ ಪುಸ್ತಕಗಳಲ್ಲಿ ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಅಚ್ಚು ಹಾಕಿರುತ್ತಾರೆ. ಬೈಂಡರು ಅದನ್ನು ನೋಡಿಕೊಂಡೇ ಮಡಚಿದ ಹಾಳೆಗಳ ಕಟ್ಟುಗಳನ್ನು ಜೋಡಿಸಬೇಕು. ಅವಳು ಮುನ್ನುಡಿಯ ಕೊನೆಯ ಪುಟದ ಅಡಿಯಲ್ಲಿ ಬೆರಳಿಟ್ಟಳು. "ಇಲ್ಲೇನಿದೆ, ಓದಿ."

ಖಾಜಿಯವರು ಓದಲೇಬೇಕಾಯಿತು. "ಕುರಾನ್."

"ಪಕ್ಕದ ಪುಟದಲ್ಲಿ ಶುರುವಾಗಿರೋದು?"

"ಪದ್ಧತಿ." ಅವರ ದನಿ ಕುಗ್ಗಿತ್ತು.

ಅವಳು ಚೀಲದಿಂದ ಚಾಕು ತೆಗೆದು ಹೊಲಿಗೆಯ ದಾರವನ್ನು ಸರ್ರನೆ ಕೊಯ್ದಳು. ಅಣ್ಣ ಅಯ್ಯೋ ಎಂದ. ಅವಳು ಕಟ್ಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಡಿದಿಟ್ಟಳು.

"ಮೊದಲು ಕುರಾನ್. ಆಮೇಲೆ ಪ್ರವಾದಿಯವರ ನಡೆನುಡಿ. ಅದಾದ ಮೇಲೆ ವಿದ್ವಾಂಸರ ಒಮ್ಮತ. ಇದು, ಇದ್ದದ್ದಕ್ಕೆ ಹೋಲಿಸಿ ಹೊಸದನ್ನ ತೀರ್ಮಾನಿಸೋದು. ಪದ್ಧತಿ ಇಲ್ಲಿ, ಕೊನೆಗೆ. ಅದೂ ಮೊದಲಿನವನ್ನ ಮೀರದಿದ್ರೆ ಮಾತ್ರ. ತಂದೆ ಬಿಟ್ಟುಹೋದದ್ರಲ್ಲಿ ಹೆಣ್ಣಿಗೂ ಪಾಲಿದೆ ಅಂತ ಮೊದಲನೇದೇ ಹೇಳಿದ ಮೇಲೆ ಕೊನೇದರ ಕಾರುಬಾರೇನು? ಅಣ್ಣನಿಗೆ ಎರಡು, ನನಗೆ ಒಂದು. ಒಂದೆಳೆ ಹೆಚ್ಚು ಕೇಳಲ್ಲ, ಒಂದೆಳೆ ಕಡಿಮೆಗೆ ಒಪ್ಪಲ್ಲ."

ಖಾಜಿಯವರು ಕಾಗದವನ್ನು ಅಣ್ಣನಿಗೆ ವಾಪಸು ಕೊಟ್ಟರು. "ಮೂರರಲ್ಲಿ ಒಂದು ಅವಳದು," ಎಂದರು.

ಮರುದಿನ ಅವಳು ಅಂಗಡಿಯ ನೆಲ ಅಳೆದು, ಕಿಟಕಿಯ ಕಡೆ ಮೂರರಲ್ಲೊಂದು ಭಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಅಣ್ಣ ಎಂಟು ದಿನ ಮಾತು ಬಿಟ್ಟ. ಒಂಬತ್ತನೇ ದಿನ ಕೊಯ್ದ ಪುಸ್ತಕದ ಹಾಳೆಗಳನ್ನು ಎದೆಗವಚಿಕೊಂಡು ಗೆರೆಯ ಆಚೆ ಬಂದು ನಿಂತ.

"ಗಿರಾಕಿ ಕೇಳ್ತಿದ್ದಾನೆ. ಅಪ್ಪನ ಅಂಗಡಿ ಅಂತಾದ್ರೂ ಹೊಲಿದುಕೊಡು."

ಅವಳು ತಲೆಯೆತ್ತದೆ ಸೂಜಿಗೆ ದಾರ ಪೋಣಿಸಿದಳು. "ಗೆರೆಯಿಂದ ಈಚೆ ನನ್ನ ಅಂಗಡಿ ಅಣ್ಣಾ. ಸರಿಯಾಗಿ ಜೋಡಿಸಿ ತಾ, ಹೊಲಿದುಕೊಡ್ತೀನಿ."

ಅಣ್ಣ ಗೆರೆಯ ಪಕ್ಕ ನೆಲದ ಮೇಲೆ ಕೂತು, ಜೀವಮಾನದಲ್ಲೇ ಮೊದಲ ಸಲ, ಪುಟದಡಿಯ ಪದಗಳನ್ನು ಓದತೊಡಗಿದ.